ಧಣಿ ಇಲ್ಲದ ಕ್ಲಬ್: ಲಾ ಲಿಗಾ ನೋಡುವ ಕನ್ನಡದ ಗೆಳೆಯರಿಗೆ ಒಂದು ಬಹಿರಂಗ ಪತ್ರ

ಪ್ರೀತಿಯ ಗೆಳೆಯರೇ,

ಮಧ್ಯರಾತ್ರಿ ಅಲಾರಂ ಇಟ್ಟು ಏಳುವವರು ನೀವು. ಮನೆಯವರಿಗೆ ಎಚ್ಚರ ಆಗದ ಹಾಗೆ ಸದ್ದು ತಗ್ಗಿಸಿ, ಹೊದಿಕೆಯೊಳಗೆ ಮೊಬೈಲ್ ಹಿಡಿದು ಸ್ಪೇನ್ ದೇಶದ ಫುಟ್‌ಬಾಲ್ ನೋಡುವವರು. ನಾನೂ ನಿಮ್ಮಲ್ಲೊಬ್ಬ. ಅದಕ್ಕೇ ಈ ಪತ್ರವನ್ನು ನಿಮಗೆ ಬರೆಯುತ್ತಿದ್ದೇನೆ.

ಮೊನ್ನೆ ನಮ್ಮ ಗುಂಪಿನಲ್ಲಿ ಒಬ್ಬರು ಕೇಳಿದರು: "ಐಬಾರ್ ಅಂತ ಒಂದು ಟೀಮ್ ಇತ್ತಲ್ಲ, ಅದು ಈಗ ಇದೆಯಾ, ಮುಚ್ಚಿಹೋಯ್ತಾ?" ಇನ್ನೊಬ್ಬರು, "2021ರಲ್ಲೇ ಮುಗೀತಲ್ಲ ಅದರ ಕಥೆ" ಅಂದರು. ಅವರ ಮೇಲೆ ನನಗೆ ಸಿಟ್ಟಿಲ್ಲ. ಆದರೆ ಆ ಮಾತು ಮನಸ್ಸಿನಿಂದ ಹೋಗಲಿಲ್ಲ. ಆ ಕ್ಲಬ್ ಸ್ಪೇನ್‌ನ ಮೊದಲ ದರ್ಜೆಯ ಲೀಗ್ ಆದ ಲಾ ಲಿಗಾದಿಂದ ಎರಡನೇ ದರ್ಜೆಗೆ ಇಳಿದಿದ್ದು ನಿಜ. ಅಷ್ಟಕ್ಕೇ ಅದರ ಕಥೆ ಮುಗಿಯಿತು ಅನ್ನುವುದಾದರೆ, ಅದರ ಕಥೆ ಏನು ಅಂತಲೇ ನಮಗೆ ಗೊತ್ತಿಲ್ಲ ಅಂತಾಯಿತು. ಅದನ್ನು ಹೇಳೋಣ ಅಂತ ಕೂತಿದ್ದೇನೆ.

ನಮಗೆಲ್ಲ ಐಬಾರ್ ಪರಿಚಯ ಆಗಿದ್ದು ಹೇಗೆ ಅಂತ ನೆನಪಿದೆಯಾ? 2018ರಲ್ಲಿ ಲಾ ಲಿಗಾ ಪಂದ್ಯಗಳು ಭಾರತದಲ್ಲಿ ಟಿವಿ ಬಿಟ್ಟು ಫೇಸ್‌ಬುಕ್‌ಗೆ ಬಂದವು. ಮೂರು ಸೀಸನ್, ಎಲ್ಲವೂ ಪುಕ್ಕಟೆ. ಆ ವರ್ಷದ ನವೆಂಬರ್ 24, ಶನಿವಾರ. ಸ್ಪೇನ್‌ನಲ್ಲಿ ಮಧ್ಯಾಹ್ನ, ನಮಗೆ ಸಂಜೆ. ಕಾಫಿ ಲೋಟ ಹಿಡಿದು ರಿಯಲ್ ಮ್ಯಾಡ್ರಿಡ್ ನೋಡೋಣ ಅಂತ ಕೂತೆ. ಸೊಲಾರಿ ಕಾಯಂ ಕೋಚ್ ಆದ ಮೇಲೆ ಅವರ ಮೊದಲ ಪಂದ್ಯ. ಎದುರಾಳಿ ಯಾರು ಅಂತ ಗಮನವೂ ಇರಲಿಲ್ಲ. ಪಂದ್ಯ ಮುಗಿದಾಗ ಐಬಾರ್ 3, ಮ್ಯಾಡ್ರಿಡ್ 0. ಎಡಗಡೆಯಿಂದ ಗುಂಗುರು ಕೂದಲಿನ ಹುಡುಗನೊಬ್ಬ ಓಡಿ ಓಡಿ ಮ್ಯಾಡ್ರಿಡ್ ರಕ್ಷಣೆಯನ್ನು ಸುಸ್ತು ಮಾಡಿಬಿಟ್ಟಿದ್ದ. ಅವನೇ ಕುಕುರೆಯಾ, ಆಗ ಬಾರ್ಸಿಲೋನಾದಿಂದ ಎರವಲು ಬಂದಿದ್ದವನು. 2024ರಲ್ಲಿ ಸ್ಪೇನ್ ಯೂರೋ ಕಪ್ ಗೆದ್ದಾಗ ನಾವೆಲ್ಲ ನೋಡಿದೆವಲ್ಲ, ಅದೇ ಕುಕುರೆಯಾ.

ಆದರೆ ಆ ಸಂಜೆ ನನ್ನ ಕಣ್ಣು ನೆಟ್ಟಿದ್ದು ಮೈದಾನದ ಹಿಂದಿನ ಮನೆಗಳ ಮೇಲೆ. ಇಪುರುವಾ ಅಂತ ಆ ಕ್ರೀಡಾಂಗಣದ ಹೆಸರು. ಅದರ ಪಕ್ಕಕ್ಕೇ ಎತ್ತರದ ಅಪಾರ್ಟ್‌ಮೆಂಟುಗಳಿವೆ. ಬಾಲ್ಕನಿಯಲ್ಲಿ ಬಟ್ಟೆ ಒಣಹಾಕುವ ಜಾಗದಲ್ಲಿ ಜನ ನಿಂತು ಪಂದ್ಯ ನೋಡುತ್ತಾರೆ. ನಮ್ಮಲ್ಲಿ ರಥ ಬೀದಿಗೆ ಬಂದಾಗ ಮಾಳಿಗೆ ಹತ್ತಿ ನಿಲ್ಲುತ್ತೇವಲ್ಲ, ಹಾಗೆ. ಎದುರಿಗೆ ಆಡುತ್ತಿರುವುದು ಯುರೋಪಿನ ಅತಿ ಶ್ರೀಮಂತ ಕ್ಲಬ್. ಅವರು ಮನೆ ಬಟ್ಟೆಯಲ್ಲೇ ನಿಂತು ನೋಡುತ್ತಿದ್ದಾರೆ. ಯಾವ ಊರಪ್ಪಾ ಇದು ಅಂತ ಅವತ್ತೇ ಹುಡುಕಿದೆ.

ಸ್ಪೇನ್‌ನ ಉತ್ತರಕ್ಕೆ, ಬಾಸ್ಕ್ ನಾಡಿನ ಗಿಪುಸ್ಕೋವಾ ಪ್ರಾಂತ್ಯದಲ್ಲಿದೆ ಐಬಾರ್. ಜನಸಂಖ್ಯೆ ಸುಮಾರು 27,000. ನಮ್ಮ ಲೆಕ್ಕದಲ್ಲಿ ಒಂದು ಚಿಕ್ಕ ಪುರಸಭೆ. ಇಡೀ ಊರನ್ನು ಕರೆತಂದು ಬೆಂಗಳೂರಿನ ಕಂಠೀರವ ಕ್ರೀಡಾಂಗಣದಲ್ಲಿ ಹೆಚ್ಚುಕಮ್ಮಿ ಕೂರಿಸಿಬಿಡಬಹುದು. ಎರಡು ಗುಡ್ಡದ ನಡುವಿನ ಕಿರಿದಾದ ಕಣಿವೆ, ನಡುವೆ ಏಗೋ ಅನ್ನುವ ಪುಟ್ಟ ಹೊಳೆ. ಸಮತಟ್ಟಾದ ಜಾಗವೇ ಕಮ್ಮಿ. ಅದಕ್ಕೇ ಮನೆಗಳು ಮೇಲಕ್ಕೆ ಬೆಳೆದಿವೆ, ಅದಕ್ಕೇ ಮೈದಾನದ ಪಕ್ಕದಲ್ಲಿ ಬಾಲ್ಕನಿಗಳಿವೆ. ತಂಡ ಅಭ್ಯಾಸಕ್ಕೆ ಮೊಂದ್ರಾಗೋನ್ ಅನ್ನುವ ಹತ್ತಿರದ ಇನ್ನೊಂದು ಊರಿಗೆ ಹೋಗುತ್ತಿತ್ತು.

ಆ ಊರಿನ ಹಳೆಯ ಕಸುಬು ಕೋವಿ ಮಾಡುವುದು. ನೂರಾರು ವರ್ಷ ಅಲ್ಲಿ ಮನೆಮನೆಯಲ್ಲೂ ಕಬ್ಬಿಣದ ಕೆಲಸ ನಡೆದಿದೆ. ಇವತ್ತಿಗೂ ಐಬಾರ್ ಆಟಗಾರರನ್ನು, ಅಭಿಮಾನಿಗಳನ್ನು 'ಅರ್ಮೆರೋಸ್' ಅಂತ ಕರೆಯುತ್ತಾರೆ. ಅಂದರೆ ಕೋವಿ ಮಾಡುವವರು. ಮೊದಲನೇ ಮಹಾಯುದ್ಧ ಮುಗಿದ ಮೇಲೆ ಕೋವಿಗೆ ಗಿರಾಕಿ ಕಮ್ಮಿಯಾದರು. ಆಗ ಇವರು ಸುಮ್ನೆ ಕೂರಲಿಲ್ಲ. ನಳಿಗೆ ಕೊರೆಯುವ ಕೈಗಳು ಸೈಕಲ್ಲಿನ ಕೊಳವೆ ಮಾಡಲು ಕಲಿತವು. ಓರ್ಬೆಯಾ, ಬಿಎಚ್ ಸೈಕಲ್ ಕಂಪನಿಗಳು ಎರಡೂ ಇದೇ ಊರಿನ ಕೋವಿ ಕಾರ್ಖಾನೆಗಳಿಂದ ಹುಟ್ಟಿದವು. ಕೋವಿ ಕೆಲಸಗಾರರು 1920ರಲ್ಲಿ ಸೇರಿ ಕಟ್ಟಿದ ಅಲ್ಫಾ ಎಂಬ ಸಹಕಾರಿ ಸಂಸ್ಥೆ ಹೊಲಿಗೆ ಯಂತ್ರ ಮಾಡಲು ಶುರು ಮಾಡಿತು. ಅದೇ ವರ್ಷ ರಿವಾಲ್ವರ್ ಮಾಡಲು ಹುಟ್ಟಿದ ಎಲ್ ಕಾಸ್ಕೋ ಎಂಬ ಕಂಪನಿ ಮುಂದೆ ಸ್ಟೇಪ್ಲರ್ ಮಾಡಿತು. ಆ ಸ್ಟೇಪ್ಲರ್ ಚಿತ್ರ ಒಮ್ಮೆ ನೋಡಿ. ಬರೀ ಉಕ್ಕು, ಎಲ್ಲೂ ಸಡಿಲ ಇಲ್ಲ, ಹಿಡಿದರೆ ಭಾರ ಕೈಗೆ ಸಿಗುತ್ತದೆ ಅನ್ನುವ ಹಾಗಿದೆ. ಕಾಗದ ಚುಚ್ಚುವ ಸಾಮಾನಿನಲ್ಲೂ ಕೋವಿ ಮಾಡಿದವರ ಕೈ ಕಾಣುತ್ತದೆ.

1931ರ ಏಪ್ರಿಲ್ 14ರ ಬೆಳಗ್ಗೆ ಸ್ಪೇನ್‌ನಲ್ಲಿ ಎಲ್ಲರಿಗಿಂತ ಮೊದಲು ಗಣರಾಜ್ಯ ಘೋಷಿಸಿದ್ದು ಈ ಪುಟ್ಟ ಊರು. ಅದರ ಬೆಲೆಯನ್ನೂ ತೆತ್ತಿತು. 1936ರಲ್ಲಿ ಗಣರಾಜ್ಯದ ವಿರುದ್ಧ ಸೇನೆ ದಂಗೆ ಎದ್ದು ಶುರುವಾದ ಅಂತರ್ಯುದ್ಧದ ರಣರೇಖೆ ತಿಂಗಳುಗಟ್ಟಲೆ ಊರಿನ ಪಕ್ಕದಲ್ಲೇ ಇತ್ತು. 1937ರ ಏಪ್ರಿಲ್‌ನಲ್ಲಿ, ಬಾಸ್ಕ್ ನಾಡಿನದೇ ಇನ್ನೊಂದು ಊರಾದ ಗೆರ್ನಿಕಾ ಮೇಲೆ ಬಾಂಬು ಬೀಳುವ ಹೊತ್ತಿಗೆ, ಐಬಾರ್ ಮೇಲೂ ಬಾಂಬು ಬಿದ್ದು ಊರಿನ ನಡುಭಾಗ ಕಲ್ಲುರಾಶಿಯಾಯಿತು. ಗೆರ್ನಿಕಾ ಹೆಸರು ಲೋಕಕ್ಕೆಲ್ಲ ಗೊತ್ತು. ಐಬಾರ್ ಹೆಸರು ಗೊತ್ತಿಲ್ಲ.

ಆ ಕಲ್ಲುರಾಶಿಯ ನಡುವೆ ಹುಟ್ಟಿದ್ದು ಈ ಕ್ಲಬ್. 1940ರ ನವೆಂಬರ್ 30ರಂದು ಊರಿನ ಎರಡು ಸಣ್ಣ ತಂಡಗಳು, ದೆಪೋರ್ತಿವೋ ಗಾಯೋ ಮತ್ತು ಉನಿಯೋನ್ ದೆಪೋರ್ತಿವಾ ಐಬಾರ್ರೇಸಾ, ಒಂದಾದವು. ಅಂತರ್ಯುದ್ಧ ಮುಗಿದು ಇನ್ನೂ ಎರಡು ವರ್ಷ ಆಗಿರಲಿಲ್ಲ. ಊರಿಗೆ ಗೋಡೆಗಳೇ ಸರಿಯಾಗಿ ಇಲ್ಲದಾಗ ಫುಟ್‌ಬಾಲ್ ತಂಡ ಬೇಕು ಅಂತ ಯಾರಿಗೋ ಅನ್ನಿಸಿತಲ್ಲ! ನನಗೆ ಅದು ಅರ್ಥವಾಗುತ್ತದೆ. ಮನೆ ಆಮೇಲೆ ಕಟ್ಟಬಹುದು, ಊರಿನ ಜನ ಮೊದಲು ಒಂದು ಕಡೆ ಸೇರಬೇಕಿತ್ತು. 1947ರ ಸೆಪ್ಟೆಂಬರ್‌ನಲ್ಲಿ ಇಪುರುವಾ ಶುರುವಾಯಿತು.

ಅಲ್ಲಿಂದ ಮುಂದಿನ ಸುಮಾರು ಅರವತ್ತು ವರ್ಷ ಬೇಗ ಹೇಳಿಬಿಡುತ್ತೇನೆ. 1953ರಲ್ಲಿ ಮೊದಲ ಸಲ ಎರಡನೇ ದರ್ಜೆಗೆ ಏರಿತು, ಐದು ವರ್ಷ ಆಡಿ ಇಳಿಯಿತು. ಮತ್ತೆ ಏರಿದ್ದು 1988ರಲ್ಲಿ. ಆಮೇಲೆ 2006ರವರೆಗೆ, ಪೂರ್ತಿ ಹದಿನೆಂಟು ಸೀಸನ್, ಕದಲದೆ ಅಲ್ಲೇ ನಿಂತಿತು. ದೊಡ್ಡ ದೊಡ್ಡ ನಗರಗಳ ಕ್ಲಬ್ಬುಗಳು ಬಂದವು, ಹೋದವು, ಸಾಲದಲ್ಲಿ ಮುಳುಗಿದವು. ಆ ಊರಿನಲ್ಲಿ ಒಂದು ಇಡೀ ತಲೆಮಾರು ಎರಡನೇ ದರ್ಜೆಯ ಫುಟ್‌ಬಾಲ್ ನೋಡುತ್ತಲೇ ದೊಡ್ಡದಾಯಿತು. ಅವರಿಗೆ ಅದು ಕೀಳು ಜಾಗ ಆಗಿರಲಿಲ್ಲ, ಮನೆ ಆಗಿತ್ತು.

ದೊಡ್ಡ ಕ್ಲಬ್ಬುಗಳು ಕಲಿಯುವ ಹುಡುಗರನ್ನು ಐಬಾರ್‌ಗೆ ಎರವಲು ಕಳಿಸುತ್ತಿದ್ದವು. 2000–01ರಲ್ಲಿ ಷಾಬಿ ಅಲೋನ್ಸೋ ಬಂದರು. 2004–05ರಲ್ಲಿ ಹದಿನೆಂಟು ವರ್ಷದ ದವೀದ್ ಸಿಲ್ವಾ ಬಂದರು. ಇಬ್ಬರೂ ಮುಂದೆ ಸ್ಪೇನ್ ಪರ ವಿಶ್ವಕಪ್ ಗೆದ್ದವರು. ಆ ಸೀಸನ್‌ನಲ್ಲಿ ತಂಡ ನಾಲ್ಕನೇ ಸ್ಥಾನದವರೆಗೆ ಹೋಗಿ, ಸ್ವಲ್ಪದರಲ್ಲಿ ಮೊದಲ ದರ್ಜೆ ತಪ್ಪಿಸಿಕೊಂಡಿತು. ಕೋಚ್ ಯಾರು ಗೊತ್ತಾ? ಪಕ್ಕದ ಸಾಲ್ದಿಬಾರ್ ಊರಿನ ಹೊಸೆ ಲೂಯಿಸ್ ಮೆಂದಿಲಿಬಾರ್. ಈ ಹೆಸರು ನೆನಪಿಟ್ಟುಕೊಳ್ಳಿ.

ಈಗ 2014ಕ್ಕೆ ಬರೋಣ. ನಾನು ಮುಖ್ಯವಾಗಿ ಹೇಳಬೇಕಾಗಿದ್ದು ಇಲ್ಲಿದೆ.

ಹಿಂದಿನ ವರ್ಷವಷ್ಟೇ ಮೂರನೇ ದರ್ಜೆಯಿಂದ ಮೇಲೆ ಬಂದಿದ್ದ ಐಬಾರ್, ಗೈಸ್ಕಾ ಗರಿತಾನೋ ಅನ್ನುವ ಕೋಚ್ ಕೈಯಲ್ಲಿ ಎರಡನೇ ದರ್ಜೆಯ ಚಾಂಪಿಯನ್ ಆಯಿತು. ಇವರು ಹಿಂದೆ ಐಬಾರ್‌ಗೇ ಆಡಿದವರು. ಮೇ 25ರಂದು ಅಲಾವೆಸ್ ತಂಡವನ್ನು 1–0ಯಿಂದ ಸೋಲಿಸಿದ ದಿನ ಮೇಲಕ್ಕೆ ಹೋಗುವುದು ಖಾತ್ರಿಯಾಯಿತು. ಕ್ಲಬ್‌ಗೆ ಸಾಲ ಇರಲಿಲ್ಲ. ಸಂಬಳ ಬಾಕಿ ಇರಲಿಲ್ಲ. ಸ್ಪೇನ್‌ನ ಅರ್ಧಕ್ಕರ್ಧ ಕ್ಲಬ್ಬುಗಳು ಆಗ ಸಾಲದಲ್ಲಿ ಉಸಿರುಗಟ್ಟಿದ್ದವು.

ಆದರೆ 1999ರ ಒಂದು ಸರ್ಕಾರಿ ಆದೇಶ ಇತ್ತು. ವೃತ್ತಿಪರ ದರ್ಜೆಗೆ, ಅಂದರೆ ಮೇಲಿನ ಎರಡು ದರ್ಜೆಗಳಿಗೆ, ಬಂದ ಕ್ಲಬ್ಬಿನ ಷೇರು ಬಂಡವಾಳ, ಎರಡನೇ ದರ್ಜೆಯ ಕ್ಲಬ್ಬುಗಳ ಸರಾಸರಿ ಖರ್ಚಿನ ಕಾಲು ಭಾಗದಷ್ಟಾದರೂ ಇರಬೇಕು. ಐಬಾರ್ ಬಳಿ ಇದ್ದದ್ದು 4 ಲಕ್ಷ 22 ಸಾವಿರ ಯೂರೋ. ಬೇಕಿದ್ದದ್ದು 21 ಲಕ್ಷಕ್ಕೂ ಜಾಸ್ತಿ. ಆಗಸ್ಟ್ 6ರೊಳಗೆ ಇನ್ನೂ 17 ಲಕ್ಷ 24 ಸಾವಿರ ಯೂರೋ ತರಬೇಕು. ಆಗಿನ ಲೆಕ್ಕಕ್ಕೆ ಸುಮಾರು 14 ಕೋಟಿ ರೂಪಾಯಿ. ತರದಿದ್ದರೆ ಮೊದಲ ದರ್ಜೆ ಹೋಗಲಿ, ಎರಡನೆಯದೂ ಇಲ್ಲ. ನೇರವಾಗಿ ಮೂರನೆಯದಕ್ಕೆ.

ಇದರ ಅನ್ಯಾಯ ನಮಗೆ ಬೇಗ ತಿಳಿಯುತ್ತದೆ. ಬೀದಿಯವರೆಲ್ಲ ಸಾಲ ಮಾಡಿ ಜೋರಾಗಿ ಮದುವೆ ಮಾಡಿದ್ದಾರೆ. ನೀನೊಬ್ಬ ಕೈಯಲ್ಲಿ ಇದ್ದಷ್ಟರಲ್ಲೇ ಮಾಡಿದ್ದೀಯ. ಈಗ ಪಂಚಾಯಿತಿ ಬಂದು, "ಬೀದಿಯವರ ಖರ್ಚು ನೋಡಿದರೆ ನಿನ್ನ ಹತ್ತಿರ ಇರುವ ದುಡ್ಡು ಸಾಲದು, ಊರು ಬಿಡು" ಅನ್ನುತ್ತದೆ. ಕ್ಲಬ್ಬುಗಳು ದಿವಾಳಿ ಆಗಬಾರದು ಅಂತ ಮಾಡಿದ ನಿಯಮ. ಅದು ಬಂದು ಬಿದ್ದಿದ್ದು ಸಾಲವೇ ಇಲ್ಲದ ಕ್ಲಬ್ ಮೇಲೆ.

ಆ ಬೇಸಿಗೆಯಲ್ಲಿ ಒಬ್ಬ ಶ್ರೀಮಂತ ಬಂದು ಚೆಕ್ ಬರೆದಿದ್ದರೆ ಎಲ್ಲ ಸುಲಭವಾಗುತ್ತಿತ್ತು. 14 ಕೋಟಿ ರೂಪಾಯಿ ಫುಟ್‌ಬಾಲ್ ಲೋಕದಲ್ಲಿ ಏನು ಮಹಾ? ಅದೇ ಜುಲೈನಲ್ಲಿ ರಿಯಲ್ ಮ್ಯಾಡ್ರಿಡ್ ಹಾಮೆಸ್ ರೊದ್ರಿಗೆಸ್ ಅನ್ನುವ ಒಬ್ಬ ಆಟಗಾರನನ್ನು ಕೊಳ್ಳಲೇ 7 ಕೋಟಿ ಯೂರೋಗೂ ಜಾಸ್ತಿ ಕೊಟ್ಟಿತು ಅಂತ ಸುದ್ದಿಯಾಯಿತು. ಆದರೆ ಐಬಾರ್‌ನವರು ಹಾಗೆ ಮಾಡಲಿಲ್ಲ. ಒಂದು ಷೇರಿಗೆ 50 ಯೂರೋ ಅಂತ ಇಟ್ಟರು. ನಮ್ಮ ನಾಲ್ಕು ಸಾವಿರ ರೂಪಾಯಿ. ಮತ್ತೆ, ಯಾರೇ ಆಗಲಿ 1 ಲಕ್ಷ ಯೂರೋಗಿಂತ ಜಾಸ್ತಿ ಷೇರು ಕೊಳ್ಳುವ ಹಾಗಿಲ್ಲ ಅಂತ ಗೆರೆ ಎಳೆದರು. ಕೊರಳಿಗೆ ಹಗ್ಗ ಬಿದ್ದಿರುವಾಗಲೂ, ಕ್ಲಬ್ ಯಾವ ಧಣಿಯ ಕೈಗೂ ಹೋಗಬಾರದು ಅಂತ ಹಟ ಹಿಡಿದರು. ಈ ಒಂದು ಗೆರೆಗಾಗಿಯೇ ನಾನು ಐಬಾರ್ ಅಭಿಮಾನಿ.

ಅಲೋನ್ಸೋ, ಸಿಲ್ವಾ ತಮ್ಮ ಹಳೆಯ ಕ್ಲಬ್ ಪರವಾಗಿ ಮಾತಾಡಿದರು. ಊರಿನವರು ಕೊಂಡರು, ಊರು ಬಿಟ್ಟು ಹೋದವರು ಕೊಂಡರು, ಐಬಾರ್ ಎಲ್ಲಿದೆ ಅಂತ ನಕ್ಷೆಯಲ್ಲಿ ತೋರಿಸಲಾಗದವರೂ ಕೊಂಡರು. ಐವತ್ತಕ್ಕೂ ಹೆಚ್ಚು ದೇಶಗಳಿಂದ ದುಡ್ಡು ಬಂತು. ಗಡುವಿಗೆ ಇನ್ನೂ ವಾರಗಟ್ಟಲೆ ಸಮಯ ಇರುವಾಗಲೇ ಮೊತ್ತ ತುಂಬಿತು. ಆಗಸ್ಟ್ 24ರಂದು ಇಪುರುವಾದಲ್ಲಿ ಮೊದಲ ದರ್ಜೆಯ ಮೊದಲ ಪಂದ್ಯ, ಎದುರಿಗೆ ಅದೇ ಪ್ರಾಂತ್ಯದ ದೊಡ್ಡಣ್ಣ ರಿಯಲ್ ಸೊಸಿಯೆದಾದ್. ಹಾವಿ ಲಾರಾ ಒಂದು ಫ್ರೀ ಕಿಕ್ ಹೊಡೆದರು, ಚೆಂಡು ಬಲೆಗೆ ಹೋಯಿತು. 1–0.

ಆ ಸೀಸನ್‌ನ ಕೊನೆಯನ್ನು ಹೇಳದೆ ಮುಂದೆ ಹೋಗಲಾರೆ. ಇಪ್ಪತ್ತು ತಂಡಗಳಲ್ಲಿ ಕಡೇ ಮೂರು ಎರಡನೇ ದರ್ಜೆಗೆ ಇಳಿಯಬೇಕು. ಐಬಾರ್ 18ನೇ ಸ್ಥಾನಕ್ಕೆ ಜಾರಿತು, ಇಳಿಯಬೇಕಾಗಿತ್ತು. ಆದರೆ 13ನೇ ಸ್ಥಾನದಲ್ಲಿದ್ದ ಎಲ್ಚೆ ಕ್ಲಬ್ ಸಾಲ ಮತ್ತು ತೆರಿಗೆ ಬಾಕಿಯ ಕಾರಣಕ್ಕೆ ಕೆಳಗೆ ತಳ್ಳಲ್ಪಟ್ಟಿತು. ಐಬಾರ್ ಉಳಿಯಿತು. ಹಿಂದಿನ ವರ್ಷ ದುಡ್ಡಿಲ್ಲ ಅಂತ ಹೊರಗೆ ಹಾಕಲು ಹೊರಟಿದ್ದ ಕ್ಲಬ್, ಈ ವರ್ಷ ಸಾಲ ಇಲ್ಲದ ಕಾರಣಕ್ಕೆ ಉಳಿಯಿತು. ಎಲ್ಚೆ ಅಭಿಮಾನಿಗಳ ನೋವು ಸಣ್ಣದಲ್ಲ. ಆಟಗಾರರು ಮೈದಾನದಲ್ಲಿ ಗಳಿಸಿದ್ದನ್ನು ಆಡಳಿತದವರು ಕಳೆದರು.

ಅದೇ 2015ರಲ್ಲಿ ಅಲ್ಮೆರಿಯಾ ಊರಿನ ಪತ್ರಿಕಾಗೋಷ್ಠಿಯಲ್ಲಿ ಬಾಸ್ಕ್ ಪತ್ರಕರ್ತರು ತಮ್ಮ ಭಾಷೆಯಲ್ಲಿ ಪ್ರಶ್ನೆ ಕೇಳಿದರು. ಗರಿತಾನೋ ಬಾಸ್ಕ್‌ನಲ್ಲೇ ಉತ್ತರಿಸಿದರು. ಅಲ್ಲಿನ ಕೆಲವರು ಆಕ್ಷೇಪ ಎತ್ತಿದಾಗ ಎದ್ದು ಹೊರಟೇಹೋದರು. ನಮ್ಮ ಭಾಷೆಯಲ್ಲಿ ಮಾತಾಡಿದ್ದಕ್ಕೆ ಮುಖ ಗಂಟಿಕ್ಕಿಸಿಕೊಂಡ ಅನುಭವ ಇರುವ ನಿಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ ಅಲ್ವಾ.

ಆಮೇಲೆ ಮೆಂದಿಲಿಬಾರ್ ವಾಪಸ್ ಬಂದರು. ಆರು ವರ್ಷ ಇದ್ದರು. 14ನೇ ಸ್ಥಾನ, 10ನೇ ಸ್ಥಾನ, 9ನೇ ಸ್ಥಾನ. ಎದುರಾಳಿ ಯಾರೇ ಇರಲಿ, ಅವರ ಅರ್ಧಕ್ಕೇ ನುಗ್ಗಿ ಚೆಂಡು ಕಸಿಯುವುದು ಇವರ ಆಟ. ಸಣ್ಣ ತಂಡ ಅಂತ ಗೋಲಿನ ಮುಂದೆ ಮುದುರಿ ಕೂರಲಿಲ್ಲ. ಜಪಾನ್‌ನ ಇನುಯಿ 2017ರಲ್ಲಿ ಬಾರ್ಸಿಲೋನಾ ಅಂಗಳದಲ್ಲೇ ಎರಡು ಗೋಲು ಹೊಡೆದಾಗ, ಆ ಪಂದ್ಯ ಸೋತರೂ, ಲೀಗ್ ಗೆಲ್ಲುವ ಆಸೆಯಲ್ಲಿದ್ದ ಕ್ಯಾಂಪ್ ನೋ ಒಂದಷ್ಟು ಹೊತ್ತು ತಣ್ಣಗಾಗಿತ್ತು. ಮೊದಲ ದರ್ಜೆಯಲ್ಲಿ ಒಟ್ಟು ಏಳು ವರ್ಷ ನಡೆಯಿತು. ಇಪುರುವಾವನ್ನು ಮೇಲ್ದರ್ಜೆಗೆ ಏರಿಸಿದರೂ ಎಂಟು ಸಾವಿರ ಚಿಲ್ಲರೆ ಆಸನಗಳಿಗೇ ನಿಲ್ಲಿಸಿದರು. 2016ರಲ್ಲಿ ಅಮಾಯಾ ಗೊರೊಸ್ತಿಸಾ ಅಧ್ಯಕ್ಷೆ ಆದರು. 2020ರಲ್ಲಿ ಹೆಣ್ಣುಮಕ್ಕಳ ತಂಡವೂ ಮೊದಲ ದರ್ಜೆಗೆ ಏರಿತು.

2021ರಲ್ಲಿ ಗಂಡಸರ ತಂಡ ಕಡೇ ಸ್ಥಾನಕ್ಕೆ ಬಂದು ಇಳಿಯಿತು. ಅದೇ ಬೇಸಿಗೆಯಲ್ಲಿ ನಮ್ಮ ಫೇಸ್‌ಬುಕ್ ಪ್ರಸಾರವೂ ಮುಗಿಯಿತು. ಎರಡೂ ಒಟ್ಟಿಗೆ ಕಣ್ಮರೆಯಾಗಿದ್ದಕ್ಕೇ ಇರಬೇಕು, ಐಬಾರ್ ಕಥೆ ಮುಗಿಯಿತು ಅಂತ ನಮಗೆ ಅನ್ನಿಸಿದ್ದು.

ಮುಗಿದಿರಲಿಲ್ಲ. ಗರಿತಾನೋ ಮತ್ತೆ ಬಂದರು. 2022ರ ಮೇ 29, ಸೀಸನ್‌ನ ಕಡೇ ಪಂದ್ಯ, ಆಗಲೇ ಕೆಳಗಿಳಿದಿದ್ದ ಅಲ್ಕೊರ್ಕೋನ್ ಎದುರು. ಗೆದ್ದರೆ ನೇರ ಮೊದಲ ದರ್ಜೆ. ಪಂದ್ಯ ಎಲ್ಲೂ ಸಿಗದೆ, ಸ್ಕೋರ್ ಮಾತ್ರ ನೋಡುತ್ತಾ ಕೂತಿದ್ದೆ. 0–0, 0–0, 0–0. ತೊಂಬತ್ತು ನಿಮಿಷ ದಾಟಿದ ಮೇಲೆ ಅಂಕಿ ಬದಲಾಯಿತು. ಬದಲಾಗಿದ್ದು ಅಲ್ಕೊರ್ಕೋನ್ ಕಡೆಯ ಅಂಕಿ. ಐಬಾರ್‌ಗೆ 80 ಅಂಕ, ಮೇಲಿನ ಎರಡು ತಂಡಗಳಿಗೆ 81. ಫೋನು ಕವುಚಿಟ್ಟು ಅಡುಗೆಮನೆಗೆ ಹೋಗಿ ನೀರು ಕುಡಿದೆ. ಆಮೇಲೆ, ಮೇಲೇರಲು ಉಳಿದ ಒಂದೇ ಜಾಗಕ್ಕೆ ನಡೆಯುವ ಪ್ಲೇ ಆಫ್‌ನಲ್ಲಿ ಜಿರೋನಾ ಎದುರು ಸೋಲು. 2023ರಲ್ಲಿ ಅಲಾವೆಸ್ ಎದುರು. 2024ರಲ್ಲಿ ಒವಿಯೆದೋ ಎದುರು. ಮೂರು ವರ್ಷ ಬಾಗಿಲ ತನಕ ಹೋಗಿ ವಾಪಸ್. ಮರು ವರ್ಷ ಪ್ಲೇ ಆಫ್‌ಗೂ ಬರಲಿಲ್ಲ.

ಈ ನಡುವೆ ಮೆಂದಿಲಿಬಾರ್ 2023ರಲ್ಲಿ ಸ್ಪೇನ್‌ನ ಸೆವಿಯಾ ಕ್ಲಬ್‌ಗೆ ಯುರೋಪಾ ಲೀಗ್ ಗೆದ್ದುಕೊಟ್ಟರು, 2024ರಲ್ಲಿ ಗ್ರೀಸ್‌ನ ಒಲಿಂಪಿಯಾಕೋಸ್‌ಗೆ ಕಾನ್ಫರೆನ್ಸ್ ಲೀಗ್. ಎರಡೂ ಯುರೋಪ್ ಮಟ್ಟದ ಕಪ್ಪುಗಳು. ಆ ಕಪ್ಪುಗಳನ್ನು ನೋಡುವಾಗ ನನಗೆ ಇಪುರುವಾದ ಮಳೆಯೇ ಕಾಣುತ್ತಿತ್ತು.

ಇದೆಲ್ಲ ನನಗೆ ಯಾಕೆ ಇಷ್ಟು ಮುಖ್ಯ? ನಮ್ಮೂರಿನಲ್ಲೂ ಒಂದು ಫುಟ್‌ಬಾಲ್ ತಂಡ ಇತ್ತು. ಜೂನಿಯರ್ ಕಾಲೇಜು ಮೈದಾನದಲ್ಲಿ ಆಡುತ್ತಿದ್ದೆವು. ಒಬ್ಬ ದೊಡ್ಡ ಮನುಷ್ಯರು ಜರ್ಸಿ, ಬೂಟು, ಪಂದ್ಯಕ್ಕೆ ಹೋಗಲು ಟೆಂಪೋ, ಎಲ್ಲ ಕೊಡಿಸುತ್ತಿದ್ದರು. ಒಳ್ಳೆಯವರೇ. ಅವರ ವ್ಯಾಪಾರ ಬೇರೆ ಊರಿಗೆ ಹೋಯಿತು, ಅವರೂ ಹೋದರು. ಆ ಮಳೆಗಾಲ ಗೋಲು ಕಂಬದ ಬಲೆ ಹರಿಯಿತು, ಹೊಸದು ತರುವವರು ಯಾರೂ ಇರಲಿಲ್ಲ. ನಾವು ಹದಿನೈದಿಪ್ಪತ್ತು ಹುಡುಗರು, ನಮ್ಮ ಅಪ್ಪಂದಿರು, ಪಂದ್ಯ ನೋಡಲು ಬರುತ್ತಿದ್ದ ಅಂಗಡಿಯವರು, ಎಲ್ಲ ಅಲ್ಲೇ ಇದ್ದೆವು. ತಲೆಗೆ ನೂರು ರೂಪಾಯಿ ಹಾಕೋಣ, ಇದು ನಮ್ಮದು ಅಂತ ಹೇಳೋಣ ಅಂತ ಒಬ್ಬರಿಗೂ ಹೊಳೆಯಲಿಲ್ಲ. ನನಗೂ ಹೊಳೆಯಲಿಲ್ಲ. 50 ಯೂರೋ ಷೇರಿನ ಸುದ್ದಿ ಓದಿದ ದಿನ ಆ ಹರಿದ ಬಲೆಯೇ ನೆನಪಾಗಿದ್ದು.

ಹಾಗಾಗಿ ನಿಮ್ಮಲ್ಲಿ ಕೆಲವು ಕೋರಿಕೆಗಳಿವೆ. ಮ್ಯಾಡ್ರಿಡ್, ಬಾರ್ಸಾ ಬಿಡಿ ಅಂತ ಹೇಳುತ್ತಿಲ್ಲ, ಆ ಪ್ರೀತಿ ಇರಲಿ. ವಾರಕ್ಕೊಮ್ಮೆ ಸ್ಕೋರ್ ನೋಡುವಾಗ ಎರಡನೇ ದರ್ಜೆಯ ಪಟ್ಟಿಯನ್ನೂ ಒಮ್ಮೆ ತೆರೆಯಿರಿ. ಒಂದು ಕ್ಲಬ್ ಕೆಳಗಿಳಿದಾಗ ಅದರ ಲೆಕ್ಕಪತ್ರ ಹೇಗಿದೆ, ಆಟಗಾರರಿಗೆ ಸಂಬಳ ಸಿಕ್ಕಿದೆಯಾ, ಊರಿನವರ ಕೈಯಲ್ಲೇ ಇದೆಯಾ ಅಂತ ಕೇಳಿ, ಆಮೇಲೆ ಮುಗಿಯಿತೋ ಇಲ್ಲವೋ ಹೇಳಿ. ಮತ್ತೆ ನಿಮ್ಮಲ್ಲಿ ಯಾರಾದರೂ ನಿಮ್ಮೂರಿನ ಮಕ್ಕಳಿಗೆ ಒಂದು ತಂಡ ಕಟ್ಟುತ್ತಿದ್ದರೆ, ಮೊದಲ ಜರ್ಸಿ ಹೊಲಿಸುವ ಮುಂಚೆ ರಸೀದಿ ಪುಸ್ತಕ ಅಚ್ಚು ಹಾಕಿಸಿ. ಪಂದ್ಯ ನೋಡಲು ಬರುವ ಪ್ರತಿಯೊಬ್ಬರಿಂದಲೂ ಸಣ್ಣ ಮೊತ್ತ ತೆಗೆದುಕೊಳ್ಳಿ. ಜಾಸ್ತಿ ಕೊಡಲು ಬರುವವರಿಗೆ ಕೈ ಮುಗಿದು, ಇಷ್ಟೇ ಸಾಕು ಸ್ವಾಮಿ ಅನ್ನಿ.

ಹಾಗೆ ಕಟ್ಟಿದ ತಂಡದ ರಸೀದಿ ಒಂದು ನನಗೂ ಹರಿಯಿರಿ. ನಿಮ್ಮೂರು ಎಲ್ಲಿದೆ ಅಂತ ನಕ್ಷೆಯಲ್ಲಿ ಹುಡುಕಿಕೊಳ್ಳುತ್ತೇನೆ.

ಇಂತಿ,
ನಿಮ್ಮ ಹಾಗೇ ನಿದ್ದೆಗೆಡುವ ಒಬ್ಬ ಗೆಳೆಯ